ಇಂಟಿಗ್ರೇಷನ್ ಬರಲ್ಲ ಅಂದವಳ ಉತ್ತರ ಪತ್ರಿಕೆ

ಹಾಸನದ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಮೊದಲ ವರ್ಷದ ಹುಡುಗಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಅರಕಲಗೂಡು ಕಡೆಯಿಂದ ದಿನಾ ಬಸ್ಸು. (ಗುರುತು ಸಿಗದಂತೆ ವಿವರ ಬದಲಿಸಿದೆ.) ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತ ಕೈಕೊಟ್ಟಿತ್ತು. "ಕ್ಲಾಸಲ್ಲಿ ಎಲ್ಲಾ ಅರ್ಥ ಆಯ್ತದೆ ಮೇಡಂ, ಪೇಪರ್ ಮುಂದೆ ಕೂತ್ರೆ ತಲೆ ಖಾಲಿ, ಇಂಟಿಗ್ರೇಷನ್ ಬರಲ್ಲ. ಗಣಿತ ಬಿಟ್ಬಿಡ್ತೀನಿ" ಎಂದಳು.

ಧೈರ್ಯ ಹೇಳಿ ಕಳಿಸುವುದು ಸುಲಭ, ಅದರಿಂದ ಅರ್ಧ ಅಂಕವೂ ಹುಟ್ಟುವುದಿಲ್ಲ. ಉತ್ತರ ಪತ್ರಿಕೆ ತರಿಸಿ, ಲೆಕ್ಕ ದಾರಿ ತಪ್ಪಿದ ಸಾಲಿನ ಪಕ್ಕ ಅದು ಯಾವ ತರಗತಿಯ ಪಾಠ ಎಂದು ಅವಳ ಕೈಯಲ್ಲೇ ಬರೆಸಲಾಯಿತು. 11 ತಪ್ಪಿನಲ್ಲಿ 8 ಹೈಸ್ಕೂಲಿನವು! √(ಎಕ್ಸ್² + 9) ಇದ್ದದ್ದು ಮುಂದಿನ ಸಾಲಿನಲ್ಲಿ ಎಕ್ಸ್ + 3 ಆಗಿತ್ತು. ಎಕ್ಸ್ ಜಾಗಕ್ಕೆ 4 ಹಾಕಿಸಿದಾಗ ಒಂದು ಕಡೆ 5, ಇನ್ನೊಂದು ಕಡೆ 7. ಹಾಗೆಯೇ 1/(ಎಕ್ಸ್ + 2) ಅನ್ನು 1/ಎಕ್ಸ್ + 1/2 ಎಂದು ಒಡೆದಿದ್ದಳು. 2 ಹಾಕಿದರೆ ಕಾಲು ಬರಬೇಕಾದಲ್ಲಿ ಒಂದು ಬರುತ್ತದೆ. ಇಂಟಿಗ್ರೇಷನ್ (ಅನುಕಲನ) ಸೂತ್ರ ಮಾತ್ರ ಸರಿಯಾಗಿಯೇ ಇತ್ತು.

ಓದುವ ಕ್ರಮ ಕೇಳಿದರೆ, ಬಿಡಿಸಿದ ಲೆಕ್ಕವನ್ನು ಮೂರು ಸಲ ನೋಡಿ ಬರೆಯುವುದು. ಅದು ಕೈಬರಹದ ಅಭ್ಯಾಸ. ತಲೆ ಖಾಲಿಯಾಗುವುದಕ್ಕೆ ಭಯಕ್ಕಿಂತ ಇದೇ ದೊಡ್ಡ ಕಾರಣ.

ಕೊಟ್ಟ ಸಲಹೆ: ಎರಡು ವಾರ, ದಿನಾ 20 ನಿಮಿಷ, ಹಳೆಯ ಒಂಬತ್ತು-ಹತ್ತನೇ ತರಗತಿಯ ಪುಸ್ತಕದಿಂದ ಭಿನ್ನರಾಶಿ, ಘಾತಾಂಕ, ಅಪವರ್ತನ. ಕನ್ನಡ ಪುಸ್ತಕವೇ ಇರಲಿ, ನಾಚಿಕೆ ಬೇಡ. ಆಮೇಲೆ ಕಾಲೇಜಿನ ಒಂದೇ ಲೆಕ್ಕ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬಿಡಿಸುವುದು. ಸಿಕ್ಕಿಕೊಂಡರೆ ಆ ಸಾಲನ್ನಷ್ಟೇ ನೋಡಿ ಮತ್ತೆ ಮುಚ್ಚುವುದು. ಅದೇ ಲೆಕ್ಕ ಮರುದಿನ, ನಾಲ್ಕನೇ ದಿನ, ವಾರ ಬಿಟ್ಟು ಇನ್ನೊಮ್ಮೆ.

ಪ್ರಶ್ನೆಯಲ್ಲಿ ಬರುವ ಇಂಗ್ಲಿಷ್ ಪದಗಳ ಅರ್ಥಕ್ಕೂ ಒಂದು ಪುಟ ಬೇಕಾಯಿತು. 'ಹೆನ್ಸ್' ಎಂದರೆ ಮೇಲೆ ಸಾಧಿಸಿದ್ದನ್ನೇ ಬಳಸು ಎಂದು ತಿಳಿಯದೆ, ಅವಳು ಪ್ರತಿ ಸಲ ಮೊದಲಿಂದ ಶುರುಮಾಡಿ ಹೊತ್ತು ಕಳೆಯುತ್ತಿದ್ದಳು. ಲೆಕ್ಚರರ್ ಹತ್ತಿರ "ಅರ್ಥ ಆಗ್ಲಿಲ್ಲ ಸರ್" ಅನ್ನದೆ, "ಮೂರನೇ ಸಾಲಿಂದ ನಾಲ್ಕಕ್ಕೆ ಹೇಗೆ ಬಂತು ಸರ್?" ಎಂದು ಹಾಳೆ ಹಿಡಿದೇ ಕೇಳಬೇಕು. ಪರೀಕ್ಷೆಯಲ್ಲಿ ಇಂಟಿಗ್ರೇಷನ್ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ (ಅದೇ ಲೆಕ್ಕವನ್ನು ಹಿಮ್ಮುಖವಾಗಿ ಮಾಡಿದಂತೆ) ತಾಳೆ ನೋಡಬೇಕು.

ಗಣಿತ ಬಿಡುವ ಮಾತನ್ನು ಎರಡನೇ ಇಂಟರ್ನಲ್ಸ್‌ವರೆಗೆ ಎತ್ತಬಾರದು ಎಂದು ಒಪ್ಪಿಸಲಾಯಿತು. ಆ ಪತ್ರಿಕೆಯಲ್ಲಿ ಹೈಸ್ಕೂಲಿನ ತಪ್ಪು 8ರಿಂದ 3ಕ್ಕೆ ಇಳಿದಿದೆ. ತ್ರಿಕೋನಮಿತಿಯಲ್ಲಿ ಚಿಹ್ನೆ ಇನ್ನೂ ತಪ್ಪುತ್ತಾಳೆ. ಮುಂದಿನ ಎರಡು ವಾರ ಅದಕ್ಕೆ.