ಗಂಡುಮಕ್ಕಳೇ ಏಕೆ ಹಿಂದೆ ಬೀಳುತ್ತಾರೆ?

ಪ್ರಶ್ನೆ: ನನ್ನ ಮಗ ಒಂಬತ್ತನೆಯ ತರಗತಿ. ರಜೆಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋಗಿ ದಿನಗೂಲಿ ತರಲಾರಂಭಿಸಿದವನು ಈಗ ಶಾಲೆಯೇ ಬೇಡವೆನ್ನುತ್ತಾನೆ. ಅವನ ಅಕ್ಕ ಚೆನ್ನಾಗಿಯೇ ಓದಿದಳು. ಗಂಡುಮಕ್ಕಳಿಗೆ ಓದು ಏಕೆ ಹತ್ತುವುದಿಲ್ಲ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಇದು ನಿಮ್ಮ ಮನೆಯೊಂದರ ಕಥೆಯಲ್ಲ, ತಾಯಿ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಬಾಲಕಿಯರು ಶೇ 74ರಷ್ಟು ತೇರ್ಗಡೆಯಾದರೆ ಬಾಲಕರು ಶೇ 58ರಷ್ಟು ಮಾತ್ರ. ಹಿಂದಿನ ವರ್ಷವೂ ಅಂತರ ಹೆಚ್ಚುಕಡಿಮೆ ಇಷ್ಟೇ ಇತ್ತು. ಇದನ್ನು ಬುದ್ಧಿಯ ವ್ಯತ್ಯಾಸವೆಂದು ನಾನು ಒಪ್ಪುವುದಿಲ್ಲ. ಐದನೆಯ ತರಗತಿಯಲ್ಲಿ ಭಿನ್ನರಾಶಿ ಅರ್ಥವಾಗದೆಯೇ ಮುಂದೆ ಸಾಗಿದ ಹುಡುಗ ಒಂಬತ್ತರ ಬೀಜಗಣಿತದ ಎದುರು ದಿನವೂ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಅದೇ ಹುಡುಗ ಗ್ಯಾರೇಜಿನಲ್ಲಿ 14ರ ಪಾನಾ ಕೇಳಿದೊಡನೆ ತೆಗೆದುಕೊಟ್ಟು ಶಹಬ್ಬಾಸ್ ಎನ್ನಿಸಿಕೊಳ್ಳುತ್ತಾನೆ, ಸಂಜೆಗೆ ಕೈಯಲ್ಲಿ ಹಣವೂ ಇರುತ್ತದೆ. ಹೆಣ್ಣುಮಕ್ಕಳಿಗೆ ಇಂಥ ದಾರಿ ಸುಲಭವಾಗಿ ತೆರೆಯದು (ಅವರು ಶಾಲೆ ಬಿಡುವ ಕಾರಣಗಳೇ ಬೇರೆ, ಬೇಗನೆ ಮಾಡುವ ಮದುವೆಯೂ ಅದರಲ್ಲೊಂದು). ಕಡ್ಡಾಯ ಶಿಕ್ಷಣದ ಕಾಯ್ದೆಯ ರಕ್ಷಣೆ 14ನೆಯ ವಯಸ್ಸಿಗೆ ನಿಲ್ಲುತ್ತದೆ, ಅಪಾಯಕಾರಿಯಲ್ಲದ ದುಡಿಮೆಗೆ ಅದೇ ವಯಸ್ಸಿನಿಂದ ನಿಷೇಧವೂ ಇಲ್ಲ. ಹೀಗಾಗಿ ಹುಡುಗರು ಜಾರುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಬೈಯುವ ಮೊದಲು, ಗಣಿತ ಮತ್ತು ಇಂಗ್ಲಿಷ್‌ನಲ್ಲಿ ಅವನು ಯಾವ ತರಗತಿಯ ಮಟ್ಟದಲ್ಲಿ ನಿಂತಿದ್ದಾನೆಂದು ಶಿಕ್ಷಕರಿಂದ ತಿಳಿದು, ಅಲ್ಲಿಂದಲೇ ಪಾಠ ಹೇಳಿಸಿ. ಅವನ ಕೂಲಿ ಮನೆಖರ್ಚಿಗೆ ಸೇರುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಯಂತ್ರದ ಕೆಲಸವೇ ಅವನಿಗೆ ಇಷ್ಟವೆಂದಾದರೆ, ಹತ್ತನೆಯ ತರಗತಿ ಮುಗಿಸಿದವರಿಗೆ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್, ಫಿಟ್ಟರ್ ಮುಂತಾದ ತರಬೇತಿಗಳಿವೆಯೆಂದು ತಿಳಿಸಿ. ಸಾಧ್ಯವಾದರೆ ಆ ಮಾತನ್ನು ಗ್ಯಾರೇಜಿನ ಮಾಲೀಕರಿಂದಲೇ ಹೇಳಿಸಿ.