ಪಿಟೀಲು ಕಲಿಯಲು ಶುರು ಮಾಡಿದವರು ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು?

ಕರ್ನಾಟಕ ಸಂಗೀತದ ಪಿಟೀಲು ಪಾಠಕ್ಕೆ ಸೇರಿ ಎರಡು ತಿಂಗಳಾಯಿತು, ಪಾಠ ವಾರಕ್ಕೊಂದೇ, ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ, ನುಡಿಸಿದರೆ ಕೀರಲು ಸದ್ದೇ ಜಾಸ್ತಿ ಎಂದು ಬರೆದಿದ್ದೀರಿ. ಆ ಅರ್ಧ ಗಂಟೆಯನ್ನು ನಾನು ಹೇಗೆ ಕಳೆಯುತ್ತೇನೋ ಅದನ್ನೇ ಹೇಳುತ್ತೇನೆ.

ಮೊದಲ ಹತ್ತು ನಿಮಿಷ ಎಡಗೈಗೆ ಕೆಲಸವೇ ಬೇಡ. ಬರೀ ಕಮಾನು, ಬರೀ ಖಾಲಿ ತಂತಿ. ತಂಬೂರಿ ಆ್ಯಪ್ ಹಾಕಿಕೊಂಡು, ಮಧ್ಯ ಸ್ಥಾಯಿಯ ಸ ತಂತಿಯ ಮೇಲೆ ಕಮಾನನ್ನು ಹಿಡಿಯ ಕಡೆಯಿಂದ ತುದಿಯವರೆಗೆ ಎಳೆಯಿರಿ. ಒಂದು ಎಳೆತಕ್ಕೆ ಆದಿತಾಳದ ಒಂದು ಆವರ್ತ, ಅಂದರೆ ಎಂಟು ಎಣಿಕೆ. ವಾಪಸ್ ಬರುವಾಗ ಇನ್ನೊಂದು ಎಂಟು. ಮೊದಮೊದಲು ಐದಕ್ಕೇ ಕಮಾನು ಮುಗಿದುಹೋಗುತ್ತದೆ. ಹಾಗಾದರೆ ನಾಲ್ಕು ಎಣಿಕೆಯಿಂದ ಶುರು ಮಾಡಿ. ಆಮೇಲೆ ಪ ತಂತಿ, ಆಮೇಲೆ ಮಂದ್ರದ, ಅಂದರೆ ಕೆಳ ಸ್ಥಾಯಿಯ ಸ, ಪ ಎಂಬ ಎರಡು ತಂತಿಗಳು.

ಕೀರಲು ಸದ್ದು ಹೋಗುವುದು ಇಲ್ಲೇ. ಕನ್ನಡಿ ಮುಂದೆ ಕುಳಿತು ನೋಡಿ. ತುದಿ ಹತ್ತಿರ ಬಂದಂತೆ ಕೈ ಹಿಂದಕ್ಕೆ ಹೋಗಿ ಕಮಾನು ಓರೆಯಾಗುತ್ತದೆ, ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಕಡೆಗೋ ಬೆರಳಿಡುವ ಹಲಗೆಯ ಕಡೆಗೋ ಜಾರುತ್ತದೆ. ಅದು ತಂತಿಗೆ ಅಡ್ಡವಾಗಿ, ನೆಟ್ಟಗೆ ಒಂದೇ ದಾರಿಯಲ್ಲಿ ಹೋಗಬೇಕು. ಭುಜ ಬಿಗಿಯಾದರೂ ಸದ್ದು ಒರಟಾಗುತ್ತದೆ. ಇನ್ನೊಂದು ಮಾತು, ಹೊಸ ಕಮಾನಾದರೆ ಅದರ ಕೂದಲಿಗೆ ರೋಸಿನ್ (ರಾಳದ ಗಟ್ಟಿ) ಚೆನ್ನಾಗಿ ಹಚ್ಚಿ. ಇಲ್ಲದಿದ್ದರೆ ಸದ್ದೇ ಹೊರಡುವುದಿಲ್ಲ.

ನಾನು ಪಿಟೀಲು ಹಿಡಿದಿದ್ದು ಮೂವತ್ತು ದಾಟಿದ ಮೇಲೆ. ಖಾಲಿ ತಂತಿ ಬೇಸರ ಅಂತ ಬಿಟ್ಟು ಸರಳೆ ವರಸೆಯನ್ನು, ಅಂದರೆ ಮೊದಲ ಸ್ವರಪಾಠಗಳನ್ನು, ತೀರಾ ವೇಗದ ಮೂರನೇ ಕಾಲಕ್ಕೆ ಓಡಿಸಿದೆ. ಒಂದು ವರ್ಷದ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ಗಾಂಧಾರ (ಗ) ಪ್ರತಿ ಸಲವೂ ಇರಬೇಕಾದ್ದಕ್ಕಿಂತ ಇಳಿದೇ ಇತ್ತು. ಬೆರಳು ಕಲಿತ ಆ ತಪ್ಪನ್ನು ಬಿಡಿಸಲು ಐದು ತಿಂಗಳು ಹಿಡಿಯಿತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಂದಿನ ಹದಿನೈದು ನಿಮಿಷ ಒಂದನೇ ಸರಳೆ ಮಾತ್ರ, ಒಂದನೇ ಕಾಲದಲ್ಲಿ. ಸರಳೆ ಕಲಿಸುವ ರಾಗವಾದ ಮಾಯಾಮಾಳವಗೌಳದಲ್ಲಿ ಪಿಟೀಲಿನವರಿಗೆ ಒಂದು ದೊಡ್ಡ ಅನುಕೂಲವಿದೆ. ಸ ತಂತಿಯ ಮೇಲೆ ಸ ರಿ ಗ ಮ ಹೇಗೋ, ಪ ತಂತಿಯ ಮೇಲೆ ಪ ದ ನಿ ಸ ಹಾಗೇ. ಬೆರಳುಗಳ ಅಂತರ ಒಂದೇ. ರಿ ಗೆ ಮೊದಲ ಬೆರಳು ಖಾಲಿ ಸ್ವರಕ್ಕೆ ತೀರಾ ಹತ್ತಿರ. ಗ ಗೆ ಎರಡನೇ ಬೆರಳು ದೂರ ಚಾಚಿ ಮೂರನೆಯದರ ಪಕ್ಕಕ್ಕೇ ಹೋಗಬೇಕು. ಚಾಚಲು ಸೋಮಾರಿತನ ಮಾಡಿದರೆ ನನ್ನ ಹಾಗೆ ಗ ಇಳಿಯುತ್ತದೆ.

ನುಡಿಸುವ ಮೊದಲು ಪ್ರತಿ ಸ್ವರವನ್ನೂ ಬಾಯಲ್ಲಿ ಹಾಡಿ. ಕಂಠ ಚೆನ್ನಾಗಿಲ್ಲದಿದ್ದರೂ ಸರಿ. ಹಲಗೆಗೆ ಸ್ಟಿಕ್ಕರ್ ಅಂಟಿಸುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಕಿವಿ ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಿಬಿಡುತ್ತದೆ. ಅದರ ಬದಲು ಹೀಗೆ ಮಾಡಿ: ಮಂದ್ರ ಪ ತಂತಿಯ ಮೇಲೆ ದ ನಿ ಸ ನುಡಿಸಿ. ಮೂರನೇ ಬೆರಳಿನ ಆ ಸ, ಪಕ್ಕದ ಖಾಲಿ ತಂತಿಯ ಸ, ಎರಡೂ ಒಂದೇ ಅಲ್ವಾ? ಎರಡನ್ನೂ ಒಟ್ಟಿಗೆ ಎಳೆಯಿರಿ. ಚೂರು ತಪ್ಪಿದ್ದರೂ ನಾದ ಅಲುಗುತ್ತದೆ. ಬೆರಳನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ಅಲುಗಾಟ ನಿಧಾನವಾಗಿ, ಕೊನೆಗೆ ನಿಂತು, ಎರಡೂ ಬೆರೆತುಹೋಗುತ್ತವೆ. ಆ ಕ್ಷಣ ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಸ್ವರಕ್ಕೊಂದು ಕಮಾನು ಸರಿಬಂದ ಮೇಲೆ, ಎರಡು ಸ್ವರಕ್ಕೆ ಒಂದು. ಆಮೇಲೆ ಸ ರಿ ಗ ಮ ಒಂದೇ ಎಳೆತ, ಪ ದ ನಿ ಸ ಬರುವ ಎಳೆತ. ತಂತಿ ಬದಲಾಗುವಾಗ ನಡುವೆ ಸದ್ದು ಕಡಿಯಬಾರದು. ಮುಂದಿನ ಪಾಠಗಳಾದ ಜಂಟಿ ವರಸೆ, ದಾಟು ವರಸೆಗಳನ್ನು ಗುರುಗಳು ಕೊಟ್ಟಾಗ ಹಿಡಿಯಿರಿ, ಅವಸರವಿಲ್ಲ.

ನಾದಕ್ಕೆ ಇಷ್ಟು ಹೊತ್ತು ಯಾಕೆ ಅನ್ನಿಸಿದರೆ ಮೈಸೂರು ಟಿ. ಚೌಡಯ್ಯನವರನ್ನು ನೆನೆಯಿರಿ. ಸಭೆಯಲ್ಲಿ ಹಿಂದೆ ಕುಳಿತವರಿಗೂ ಪಿಟೀಲಿನ ದನಿ ತಲುಪಲಿ ಎಂದು ಅವರು ಏಳು ತಂತಿಯ ಪಿಟೀಲನ್ನೇ ರೂಪಿಸಿದರು.

ಉಳಿದ ಐದು ನಿಮಿಷ ಆ ದಿನ ಎಲ್ಲಿ ತಪ್ಪಿತೋ ಅದಕ್ಕೇ. ಎಡ ಹೆಬ್ಬೆರಳು ನೋಯುತ್ತಿದ್ದರೆ ಹಿಡಿತ ಬಿಗಿಯಾಗಿದೆ ಎಂದರ್ಥ. ಪಿಟೀಲಿನ ಭಾರವನ್ನು ಎದೆಯ ಎಡಭಾಗವೂ ಬಲಗಾಲೂ ಹೊರಬೇಕು, ಕೈ ಅಲ್ಲ. ಮುಗಿಸಿದ ಮೇಲೆ ಕಮಾನಿನ ಕೂದಲನ್ನು ಸಡಿಲ ಮಾಡಿ ಇಡಿ. ವಾರಕ್ಕೊಮ್ಮೆ ಒಂದೇ ಒಂದು ಸರಳೆ ರೆಕಾರ್ಡ್ ಮಾಡಿ ಪಾಠಕ್ಕೆ ಹೋದಾಗ ಗುರುಗಳಿಗೆ ಕೇಳಿಸಿ.