ಓದುಗರ ಪ್ರಶ್ನೆ: ಸ್ಪ್ಯಾನಿಷ್‌ನ ‘ಕೊಂಪ್ರರೀಯ’ ವಾಕ್ಯದ ಯಾವ ಭಾಗಕ್ಕೆ ಸೇರಿದ್ದು?

ಪ್ರಶ್ನೆ: ಸ್ಪ್ಯಾನಿಷ್‌ನಲ್ಲಿ ‘ಕೊಳ್ಳು’ ಎಂಬರ್ಥದ ‘ಕೊಂಪ್ರಾರ್’ ಕ್ರಿಯಾಪದದ ಕಂಡಿಷನಲ್ (ಷರತ್ತಿಗೆ ಸಂಬಂಧಿಸಿದ) ರೂಪಗಳನ್ನು, ‘ಕೊಂಪ್ರರೀಯ’ ಮೊದಲಾದವನ್ನು, ಬಾಯಿಪಾಠ ಮಾಡಿದ್ದೇನೆ. ಆದರೂ ‘ದುಡ್ಡಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ’ ಎನ್ನಲು ‘ಸಿ ತೆಂದ್ರೀಯ ದಿನೆರೊ, ಕೊಂಪ್ರಾಬ ಲ ಕಾಸ’ ಎಂದು ಬರೆದಾಗ ಶಿಕ್ಷಕರು ಎರಡೂ ಕ್ರಿಯಾಪದಗಳನ್ನು ತಿದ್ದಿದರು. ಈ ರೂಪವನ್ನು ಎಲ್ಲಿ, ಹೇಗೆ ಬಳಸಬೇಕು?

ಉತ್ತರ: ನಿಮ್ಮ ವಾಕ್ಯದ ಹಿಂದೆ ಕೆಲಸ ಮಾಡಿರುವುದು ಕನ್ನಡದ ವ್ಯಾಕರಣ. ನಮ್ಮಲ್ಲಿ ಷರತ್ತಿನ ಗುರುತು ‘ಇದ್ದಿದ್ದರೆ’ ಎಂಬುದರ ಕೊನೆಯಲ್ಲಿರುವುದರಿಂದ, ಕಂಡಿಷನಲ್ ಎಂಬ ಹೆಸರು ಕೇಳಿದೊಡನೆ ಆ ರೂಪ ಷರತ್ತನ್ನು ಹೇಳುವ ಭಾಗಕ್ಕೇ ಸೇರಿದ್ದೆಂದು ತೋರುವುದು ಸಹಜ. ಸ್ಪ್ಯಾನಿಷ್‌ನಲ್ಲಿ ಅದು ಸೇರುವುದು ಫಲವನ್ನು ಹೇಳುವ ಭಾಗಕ್ಕೆ. ನಮ್ಮ ‘-ರೆ’ಯ ಅರ್ಥ ಕೊಡುವ ‘ಸಿ’ ಇರುವ ಭಾಗದಲ್ಲಿ, ವಾಸ್ತವಕ್ಕೆ ವಿರುದ್ಧವಾದ ಮಾತಾದರೆ, ಸಬ್‌ಜಂಕ್ಟಿವ್‌ನ (ಕಲ್ಪನೆ, ಆಸೆ, ಸಂದೇಹಗಳನ್ನು ಹೇಳುವ ಕ್ರಿಯಾರೂಪದ) ಭೂತರೂಪ ಬರಬೇಕು: ‘ಸಿ ತುಬಿಯೆರ ದಿನೆರೊ, ಕೊಂಪ್ರರೀಯ ಲ ಕಾಸ’. ಸ್ಪೇನ್‌ನ ಉತ್ತರದಲ್ಲಿ, ಬಾಸ್ಕ್ ಸೀಮೆ ಮತ್ತು ಅದರ ಆಸುಪಾಸಿನಲ್ಲಿ, ‘ಸಿ ತೆಂದ್ರೀಯ’ ಎಂದೇ ಆಡುವವರಿದ್ದಾರೆ; ಶಿಷ್ಟ ಬರವಣಿಗೆ ಮಾತ್ರ ಅದನ್ನು ಒಪ್ಪುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು, ಪಠ್ಯಪುಸ್ತಕಗಳು ಇದಕ್ಕೆ ಹೆಚ್ಚು ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ. ‘ಆಗ ದಿನವೂ ಹಾಲು ಕೊಳ್ಳುತ್ತಿದ್ದೆ’ ಎಂಬ ರೂಢಿಯ ಮಾತಿಗೂ ‘ದುಡ್ಡಿದ್ದಿದ್ದರೆ ಕೊಳ್ಳುತ್ತಿದ್ದೆ’ ಎಂಬ ಕಲ್ಪನೆಯ ಮಾತಿಗೂ ಕನ್ನಡ ಒಂದೇ ರೂಪವನ್ನು ಬಳಸುತ್ತದೆ. ಸ್ಪ್ಯಾನಿಷ್ ಮೊದಲನೆಯದಕ್ಕೆ ‘ಕೊಂಪ್ರಾಬ’ ಎಂದೂ ಎರಡನೆಯದಕ್ಕೆ ‘ಕೊಂಪ್ರರೀಯ’ ಎಂದೂ ಬೇರ್ಪಡಿಸುತ್ತದೆ. ಸ್ಪೇನ್‌ನ ಆಡುಮಾತಿನಲ್ಲಿ ಎರಡನೆಯದರ ಜಾಗದಲ್ಲೂ ‘ಕೊಂಪ್ರಾಬ’ ಕೇಳಿಬರುವುದುಂಟು, ಆದರೆ ಕಲಿಯುವ ಹಂತದಲ್ಲಿ ಇವೆರಡನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಿ. ‘ಉಣ್ಣು’ ಎಂಬರ್ಥದ ‘ಕೊಮೇರ್’ ಪದದಲ್ಲಂತೂ ಇನ್ನೂ ಎಚ್ಚರ ಬೇಕು: ರೂಢಿಗೆ ‘ಕೊಮೀಯ’, ಕಲ್ಪನೆಗೆ ‘ಕೊಮೆರೀಯ’, ನಡುವಿನ ಒಂದು ‘ಎರ್’ ಬಿಟ್ಟುಹೋದರೆ ಅರ್ಥವೇ ಬದಲಾಗುತ್ತದೆ.

ರೂಪ ಕಟ್ಟುವ ಕ್ರಮ ಸುಲಭ. ಮೂಲರೂಪವನ್ನು ಕತ್ತರಿಸದೆ ಇಡಿಯಾಗಿ ಇಟ್ಟುಕೊಂಡು ಪ್ರತ್ಯಯ ಸೇರಿಸಬೇಕು: ನಾನು ಕೊಂಪ್ರರೀಯ, ನೀನು ಕೊಂಪ್ರರೀಯಾಸ್, ಅವನು ಅಥವಾ ಅವಳು ಮತ್ತೆ ಕೊಂಪ್ರರೀಯ, ನಾವು ಕೊಂಪ್ರರೀಯಾಮೊಸ್, ಸ್ಪೇನ್‌ನಲ್ಲಿ ಆಪ್ತರಾದ ಹಲವರಿಗೆ ಕೊಂಪ್ರರೀಯಾಯ್ಸ್, ಅವರು ಕೊಂಪ್ರರೀಯಾನ್. ಆರರಲ್ಲೂ ಒತ್ತು ‘ರೀ’ ಮೇಲೆಯೇ ಬೀಳುತ್ತದೆ, ಬರೆಯುವಾಗ ಆ ಸ್ವರದ ಮೇಲೆ ಒತ್ತುಗುರುತು ಬಿಡಬಾರದು. ‘ಆರ್’, ‘ಏರ್’, ‘ಈರ್’ ಎಂದು ಕೊನೆಯಾಗುವ ಮೂರೂ ಗುಂಪುಗಳಿಗೆ ಪ್ರತ್ಯಯಗಳು ಒಂದೇ ಆಗಿರುವುದಕ್ಕೆ ಕಾರಣವಿದೆ: ಲ್ಯಾಟಿನ್ ಆಡುಮಾತಿನಲ್ಲಿ ಕ್ರಿಯಾಪದದ ಮೂಲರೂಪದ ಬೆನ್ನಿಗೆ ‘ಹೊಂದಿರು’ ಎಂಬರ್ಥದ ಇನ್ನೊಂದು ಕ್ರಿಯಾಪದದ ಭೂತರೂಪ ಬಂದು ಅಂಟಿಕೊಂಡು, ಸವೆದು ಈ ಪ್ರತ್ಯಯವಾಯಿತು.

ಷರತ್ತೇ ಇಲ್ಲದೆಡೆಯೂ ಈ ರೂಪ ಬರುತ್ತದೆ. ‘ಆನಾ ದಿಹೊ ಕೆ ಕೊಂಪ್ರರೀಯ ಎಲ್ ಪಾನ್’ ಎಂದರೆ ಬ್ರೆಡ್ ಕೊಳ್ಳುವೆನೆಂದು ಆನಾ ಹೇಳಿದಳು ಎಂದರ್ಥ. ಹೇಳಿದ ಗಳಿಗೆಗೆ ಕೊಳ್ಳುವುದು ಇನ್ನೂ ಮುಂದಿನ ಮಾತು. ಇದನ್ನು ಗಮನಿಸಿಯೇ ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೇಸ್ ಬೆಯ್ಯೊ 1847ರ ತಮ್ಮ ವ್ಯಾಕರಣದಲ್ಲಿ ಈ ಕಾಲವನ್ನು ‘ಪೋಸ್‌ಪ್ರೆತೆರಿತೊ’, ಅಂದರೆ ಭೂತದ ನಂತರದ್ದು, ಎಂದು ಕರೆದರು; ಮೆಕ್ಸಿಕೊದಲ್ಲಿ ಇಂದಿಗೂ ಆ ಹೆಸರು ಬಳಕೆಯಲ್ಲಿದೆ. ‘ಹತ್ತು ಗಂಟೆ ಆಗಿದ್ದಿರಬೇಕು’ ಎಂಬ ಊಹೆಗೆ ‘ಸೆರೀಯಾನ್ ಲಾಸ್ ದಿಯೆಸ್’ ಎನ್ನುತ್ತಾರೆ. ಅಂಗಡಿಯಲ್ಲಿ ವಿನಯದಿಂದ ಕೇಳಲು ‘ಮೆ ಗುಸ್ತರೀಯ ಕೊಂಪ್ರಾರ್’, ಅಂದರೆ ‘ಕೊಳ್ಳಲು ಇಷ್ಟಪಡುತ್ತೇನೆ’, ಎಂದು ಆರಂಭಿಸಬಹುದು.

ಅನಿಯತ ಕ್ರಿಯಾಪದಗಳಿಗೆ ಹೆದರಬೇಕಾಗಿಲ್ಲ. ಬೇರೆ ಕಾಲಗಳಲ್ಲಿ ತೀರ ಅನಿಯತವಾದ ‘ಸೇರ್’ (ಆಗಿರು), ‘ಈರ್’ (ಹೋಗು) ಕೂಡ ಇಲ್ಲಿ ‘ಸೆರೀಯ’, ‘ಇರೀಯ’ ಎಂದು ನಿಯಮ ಪಾಲಿಸುತ್ತವೆ. ‘ತೆನೇರ್’ (ಹೊಂದಿರು) ಪದದಿಂದ ‘ತೆಂದ್ರೀಯ’, ‘ಪೊದೇರ್’ (ಸಾಧ್ಯವಾಗು) ಪದದಿಂದ ‘ಪೊದ್ರೀಯ’ ಆಗುವಂತೆ ಕೆಲವೇ ಪದಗಳಲ್ಲಿ ಬುಡ ಬದಲಾಗುತ್ತದೆ. ಭವಿಷ್ಯತ್ಕಾಲದಲ್ಲೂ ಅವುಗಳದು ಅದೇ ಬುಡವಾದ್ದರಿಂದ ಎರಡೂ ಕಾಲಗಳನ್ನು ಒಟ್ಟಿಗೇ ಕಲಿಯುವುದು ಒಳ್ಳೆಯದು.